ದೇ ಮೈಟ್ ಬಿ ಜೈಂಟ್ಸ್ ಹಾಡುಗಳಲ್ಲಿ ಹತ್ತನ್ನು ಜಗಳವಿಲ್ಲದೆ ಆರಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಸರಸ್ವತಿಪುರಂನ ಒಂದು ಮನೆಯ ಮಹಡಿಯಲ್ಲಿ ಎಂಟು ಜನ ಸೇರುತ್ತೀರಿ, ಅಮೆರಿಕದ ಈ ರಾಕ್ ಬ್ಯಾಂಡಿನ ಟಾಪ್ 10 ಆರಿಸಲು ನಾಕೌಟ್ ಪಂದ್ಯದ ಹಾಗೆ ಹಾಡುಗಳನ್ನು ಜೋಡಿ ಕಟ್ಟುತ್ತೀರಿ, ಪ್ರತಿ ಸಲ 'ಬರ್ಡ್‌ಹೌಸ್ ಇನ್ ಯುವರ್ ಸೋಲ್' ಗೆಲ್ಲುತ್ತದೆ, ಅರ್ಧ ಜನ ಮುನಿಸಿಕೊಂಡು ಎದ್ದು ಹೋಗುತ್ತಾರೆ.

ಮೊದಲು ನಾಕೌಟ್ ಬಿಡಿ. ಮೂರು ಜನ, ಮೂರು ಹಾಡು ಇಟ್ಟುಕೊಂಡು ನೋಡಿ. ಒಬ್ಬರ ಕ್ರಮ: ಬರ್ಡ್‌ಹೌಸ್, 'ಆನಾ ಎಂಗ್', 'ಡಾಕ್ಟರ್ ವರ್ಮ್'. ಎರಡನೆಯವರದು: ಆನಾ, ವರ್ಮ್, ಬರ್ಡ್‌ಹೌಸ್. ಮೂರನೆಯವರದು: ವರ್ಮ್, ಬರ್ಡ್‌ಹೌಸ್, ಆನಾ. ಈಗ ಬರ್ಡ್‌ಹೌಸ್ ಆನಾವನ್ನು 2-1ರಲ್ಲಿ ಸೋಲಿಸುತ್ತದೆ, ಆನಾ ವರ್ಮನ್ನು 2-1ರಲ್ಲಿ, ವರ್ಮ್ ಬರ್ಡ್‌ಹೌಸನ್ನು ಮತ್ತೆ 2-1ರಲ್ಲಿ. ಮೊದಲ ಸುತ್ತು ಆಡದೆ ಕಾದು ಕೂತ ಹಾಡೇ ಕೊನೆಗೆ ಗೆಲ್ಲುತ್ತದೆ. ಅಂದರೆ ಗೆಲುವು ಚೀಟಿ ಎತ್ತಿದವರ ಕೈಯಲ್ಲಿದೆ. ಅದರ ಮೇಲೆ ಎಂಟು ಜನ ಸಮಸಂಖ್ಯೆ, 4-4 ಆದಾಗಲೆಲ್ಲ ಜೋರು ಬಾಯಿಯವರದೇ ತೀರ್ಪು.

ಹಾಗಾಗಿ ಫೋನ್ ಹಿಡಿದು ಹಾಡು ಹಾಕುವವರು ಮತ ಹಾಕಬಾರದು. ಏಳು ಮತ ಉಳಿಯುತ್ತವೆ. ಒಬ್ಬೊಬ್ಬರು ನಾಲ್ಕು ಹಾಡು ಸೂಚಿಸಲಿ. ಒಂದೂ ಪುನರಾವರ್ತನೆಯಾಗದಿದ್ದರೂ 28 ದಾಟುವುದಿಲ್ಲ. ಈ ಬ್ಯಾಂಡಿನ ಹೆಚ್ಚಿನ ಹಾಡುಗಳು ಎರಡರಿಂದ ಮೂರೂವರೆ ನಿಮಿಷದವು, ಎಲ್ಲವನ್ನೂ ಪೂರ್ತಿ ಕೇಳಿದರೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಸೂಚಿಸಿದವರಿಗೆ ಹಾಡು ಮುಗಿದ ಮೇಲೆ ಒಂದೇ ನಿಮಿಷ ಮಾತು. ಸಂಜೆ ಆರೂವರೆಗೆ ಶುರು ಮಾಡಿದರೆ ಒಂಬತ್ತೂವರೆಗೆ ಎಲ್ಲ ಮುಗಿದಿರುತ್ತದೆ. ಬಯಲು ಮಹಡಿಯಲ್ಲಿ ಸ್ಪೀಕರ್ ಹಾಕುವವರು ಹತ್ತು ಗಂಟೆಯ ಗಡಿ ಮರೆಯಬಾರದು.

ಸೂಚನೆಗೆ ಮೂರು ನಿರ್ಬಂಧ ಇಡಿ. ಒಬ್ಬರ ನಾಲ್ಕರಲ್ಲಿ 1990ರ 'ಫ್ಲಡ್' ಆಲ್ಬಮ್‌ನಿಂದ ಒಂದೇ ಹಾಡು. ಇಲ್ಲದಿದ್ದರೆ ಅದರ 19 ಟ್ರ್ಯಾಕುಗಳಲ್ಲಿ ಅರ್ಧ ಪಟ್ಟಿಗೆ ನುಗ್ಗುತ್ತವೆ, ಏಕೆಂದರೆ ಎಲ್ಲರೂ ಮೊದಲು ಕೇಳಿರುವುದು ಅದನ್ನೇ. ಒಂದು ಹಾಡಾದರೂ 2000ದ ನಂತರದ್ದಿರಲಿ. 2007ರ 'ದಿ ಎಲ್ಸ್' ಆಲ್ಬಮ್‌ನ 'ದಿ ಮೆಸೊಪೊಟೇಮಿಯನ್ಸ್' ಈ ನಿಯಮವಿಲ್ಲದೆ ಬರುವುದೇ ಇಲ್ಲ. ಪ್ರಾಚೀನ ಮೆಸೊಪೊಟೇಮಿಯದ ದೊರೆಗಳಾದ ಸರ್ಗೋನ್, ಹಮ್ಮುರಾಬಿ, ಅಶುರ್ಬನಿಪಾಲ್, ಗಿಲ್ಗಮೆಶ್ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡು ಊರೂರು ಸುತ್ತುವ ಹಾಡನ್ನು ಬಿಟ್ಟ ಪಟ್ಟಿ ನನ್ನ ಪ್ರಕಾರ ಪಟ್ಟಿಯೇ ಅಲ್ಲ. ಮೂರನೆಯದು, ಒಂದಾದರೂ ಜಾನ್ ಫ್ಲಾನ್ಸ್‌ಬರ್ಗ್ ಹಾಡಿದ್ದು ಬೇಕು. ಬ್ಯಾಂಡಿನ ಇಬ್ಬರು ಜಾನ್‌ಗಳಲ್ಲಿ ಹೆಸರಾದ ಹಾಡುಗಳಲ್ಲಿ ಕೇಳಿಸುವುದು ಬಹುಪಾಲು ಜಾನ್ ಲಿನೆಲ್ ದನಿ, ಮತವೂ ಆ ಕಡೆಗೇ ವಾಲುತ್ತದೆ. 1988ರ 'ಲಿಂಕನ್' ಆಲ್ಬಮ್‌ನ 'ಸ್ಯಾಂಟಾಸ್ ಬಿಯರ್ಡ್' ಕೇಳಿಸಿ: ಗಂಡನೊಬ್ಬನ ಹೊಟ್ಟೆಕಿಚ್ಚಿನ ಬಗ್ಗೆ ಇಷ್ಟು ಲವಲವಿಕೆಯ ರಾಗ ಹಾಕುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇನ್ನು ಕೇಳಿಸುವ ವಿಧಾನ. ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ, ಆದರೆ ಯಾರ ಗಮನಕ್ಕೂ ಬರುವುದಿಲ್ಲ. ಎರಡು ಹಾಡುಗಳಲ್ಲಿ ತುಸು ಜೋರಾಗಿ ಕೇಳಿದ್ದು ಚೆನ್ನಾಗಿದೆ ಅನ್ನಿಸುವುದು ಕಿವಿಯ ಸ್ವಭಾವ. 80ರ ದಶಕದ ಮಾಸ್ಟರಿಂಗ್‌ಗಿಂತ (ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯ ಸಲ ಹದಗೊಳಿಸುವ ಕೆಲಸ) 2000ದ ನಂತರದ್ದು ಸಾಮಾನ್ಯವಾಗಿ ಜೋರು. ಆದ್ದರಿಂದ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿ. ಸ್ವಂತ ಫೈಲ್‌ಗಳಾದರೆ ಮೊದಲೇ ಒಂದೊಂದನ್ನೂ ಸ್ವಲ್ಪ ಕೇಳಿ ಮಟ್ಟ ಸರಿಮಾಡಿಕೊಳ್ಳಿ. ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವ ಕ್ರಾಸ್‌ಫೇಡ್ ಮಾತ್ರ ಆಫ್ ಇರಲೇಬೇಕು. 1992ರ 'ಅಪೋಲೊ 18'ರಲ್ಲಿ 'ಫಿಂಗರ್‌ಟಿಪ್ಸ್' ಎನ್ನುವುದು 21 ಪುಟ್ಟ ತುಣುಕುಗಳ ಸರಣಿ, ಕೆಲವು ನಾಲ್ಕೈದು ಸೆಕೆಂಡಿನವು. ಐದು ಸೆಕೆಂಡಿನ ಕ್ರಾಸ್‌ಫೇಡ್ ಇದ್ದರೆ ಅವು ಪೂರ್ತಿ ನುಂಗಿಹೋಗುತ್ತವೆ. ಬ್ಲೂಟೂತ್ ಸ್ಪೀಕರಿನದು ಇನ್ನೊಂದು ಕಾಟ: ಮೌನದಲ್ಲಿ ನಿದ್ದೆಗೆ ಜಾರುವ ಸ್ಪೀಕರ್ ಎಚ್ಚರಾಗುವಷ್ಟರಲ್ಲಿ ಹಾಡಿನ ಮೊದಲ ಅರ್ಧ ಸೆಕೆಂಡ್ ಹೋಗಿರುತ್ತದೆ. 'ಆನಾ ಎಂಗ್' ಶುರುವಾಗುವುದೇ ತುಂಡು ತುಂಡು ಮಾಡಿದ ಗಿಟಾರಿನಿಂದ, ಆ ಮೊದಲ ಏಟು ತಪ್ಪಿದರೆ ಹಾಡಿಗೆ ಅನ್ಯಾಯ. ತಂತಿ ಹಾಕಿಬಿಡಿ. ಕರೆಂಟ್ ಹೋಗಿ ವೈಫೈ ನಿಂತರೂ ನಡೆಯುವಂತೆ ಎಲ್ಲ ಹಾಡು ಮೊದಲೇ ಡೌನ್‌ಲೋಡ್ ಆಗಿರಲಿ.

ಸ್ಪೀಕರ್ ಅಂಗೈಯಗಲದ್ದು ಬೇಡ. ಅದರಲ್ಲಿ ಬೇಸ್ ಇರುವುದಿಲ್ಲ, ನಡುವಿನ ಸ್ವರಗಳೇ ಮುಂದೆ ಬರುತ್ತವೆ. ಲಿನೆಲ್ ದನಿ ಮತ್ತು ಅಕಾರ್ಡಿಯನ್ ಎರಡೂ ಅಲ್ಲೇ ಇವೆ. ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಕೇಳಿದ ಕಿವಿಗೆ ಅಕಾರ್ಡಿಯನ್ ಬೇಗ ಒಗ್ಗುತ್ತದೆ, ಎರಡರಲ್ಲೂ ತಿದಿಯ ಗಾಳಿಗೆ ಲೋಹದ ರೀಡ್ ನಡುಗುವುದೇ ತಾನೇ. ಹಾಗಾಗಿ 'ಪಾರ್ಟಿಕಲ್ ಮ್ಯಾನ್' ಸಣ್ಣ ಡಬ್ಬಿಯಲ್ಲೂ ಗೆಲ್ಲುತ್ತದೆ. 1994ರ 'ಜಾನ್ ಹೆನ್ರಿ' ಮಾತ್ರ ಸೋಲುತ್ತದೆ. ಅಲ್ಲಿಯವರೆಗೆ ಡ್ರಮ್ ಮೆಷಿನ್ ನೆಚ್ಚಿಕೊಂಡಿದ್ದ ಇಬ್ಬರು ಪೂರ್ಣ ಬ್ಯಾಂಡ್ ಕಟ್ಟಿ ಮಾಡಿದ ಮೊದಲ ಆಲ್ಬಮ್ ಅದು. ಡ್ರಮ್ಸ್, ಬೇಸ್ ಕೇಳದಿದ್ದರೆ 'ಮೀಟ್ ಜೇಮ್ಸ್ ಎನ್ಸರ್'ನಲ್ಲಿ ಉಳಿಯುವುದು ಬೆಲ್ಜಿಯಂ ಚಿತ್ರಕಾರನ ಹೆಸರಷ್ಟೇ. ಅಂದ ಹಾಗೆ, ಚುರುಮುರಿ, ಮದ್ದೂರು ವಡೆ ಎಲ್ಲ ವಿರಾಮದಲ್ಲಿ. ಹಾಡಿನ ಮಧ್ಯೆ ಪೊಟ್ಟಣದ ಸದ್ದು ಬಂದರೆ ಸೂಚಿಸಿದವರು ಮತ್ತೆ ಹಾಕಿ ಅನ್ನುತ್ತಾರೆ, ಸಮಯ ಬೆಳೆಯುತ್ತದೆ.

ಮತದಾನ ಹೀಗೆ: ಎಲ್ಲ ಕೇಳಿದ ಮೇಲೆ ಪ್ರತಿಯೊಬ್ಬರೂ ಮಾತಾಡದೆ ಚೀಟಿಯಲ್ಲಿ ಹತ್ತು ಹಾಡು ಕ್ರಮವಾಗಿ ಬರೆಯಲಿ. ಮೊದಲನೆಯದಕ್ಕೆ 10 ಅಂಕ, ಕೊನೆಯದಕ್ಕೆ 1. ಒಂದು ಹಾಡಿಗೆ ಗರಿಷ್ಠ 70. ಇಲ್ಲೂ ಒಂದು ಕುತಂತ್ರಕ್ಕೆ ದಾರಿ ಇದೆ: ಬರ್ಡ್‌ಹೌಸ್ ಗೆಲ್ಲಬಾರದೆಂದು ಇಬ್ಬರು ಅದನ್ನು ಬೇಕೆಂದೇ ಚೀಟಿಯಿಂದ ಬಿಟ್ಟರೆ ಒಂದೇ ಏಟಿಗೆ 20 ಅಂಕದವರೆಗೆ ಹೋಗುತ್ತದೆ. ಅದಕ್ಕೆ ಮದ್ದು, ಅಂಕದಿಂದ ಬಂದ ಮೊದಲ ನಾಲ್ಕು ಹಾಡುಗಳಲ್ಲಿ ಪ್ರತಿಯೊಂದನ್ನೂ ಉಳಿದ ಮೂರರ ಎದುರು ನಿಲ್ಲಿಸುವುದು. ಆರು ಜೋಡಿ, ಕೈ ಎತ್ತಿ ಮತ, ಏಳು ಜನ ಇರುವುದರಿಂದ ಸಮ ಆಗುವುದಿಲ್ಲ. ಮೂರನ್ನೂ ಸೋಲಿಸಿದ್ದು ಮೊದಲನೆಯದು. ಮೇಲೆ ಹೇಳಿದಂತೆ ಒಂದನ್ನೊಂದು ಸೋಲಿಸುವ ಸುತ್ತು ಇಲ್ಲೂ ಬಿದ್ದರೆ ಅಂಕಪಟ್ಟಿಯ ಕ್ರಮವೇ ಅಂತಿಮ, ಇದನ್ನು ಮೊದಲೇ ಹೇಳಿರಬೇಕು.

ಎರಡು ಗೊಡವೆ ಮೊದಲೇ ತೀರ್ಮಾನಿಸಿಕೊಳ್ಳಿ. 'ಇಸ್ತಾನ್‌ಬುಲ್' ಇವರ ರಚನೆಯಲ್ಲ, ಮೂಲ 1953ರದು. ಬೇರೆಯವರ ಹಾಡಿಗೂ ಅವಕಾಶವೇ? ನಾನು ಬಿಡುತ್ತೇನೆ, ಆ ವಯಲಿನ್ ಸಾಕು ಕಾರಣಕ್ಕೆ. ಹಾಗೆಯೇ 'ಫಿಂಗರ್‌ಟಿಪ್ಸ್' ಇಡೀ ಸರಣಿಯನ್ನು ಒಂದೇ ಹಾಡೆಂದು ಎಣಿಸಿ. ಇಡೀ ಆಲ್ಬಮನ್ನು ಶಫಲ್‌ನಲ್ಲಿ ಕೇಳಿದರೆ ತುಣುಕುಗಳು ಬೇರೆ ಹಾಡುಗಳ ನಡುವೆ ನುಸುಳಲಿ ಎಂಬುದೇ ಅವರ ಉದ್ದೇಶ, ಆದರೆ ನಿಮ್ಮ ಸ್ಪರ್ಧೆಯ ದಿನ ಶಫಲ್ ಒತ್ತಿದರೆ ಯಾವುದಕ್ಕೆ ಮತ ಬಿತ್ತೆಂದು ತಿಳಿಯುವುದಿಲ್ಲ. ಕ್ರಮವಾಗಿಯೇ ಹಾಕಿ, ಒಟ್ಟು ನಾಲ್ಕೂವರೆ ನಿಮಿಷ.

ಬರ್ಡ್‌ಹೌಸ್ ವಿರೋಧಿಗಳು ಸಾಮಾನ್ಯವಾಗಿ ಹೇಳುವುದು, ಸಾಹಿತ್ಯಕ್ಕೆ ಅರ್ಥವಿಲ್ಲ ಅಂತ. ಅರ್ಥವಿದೆ. ಹಾಡುತ್ತಿರುವುದು ನೀಲಿ ಹಕ್ಕಿಯ ಆಕಾರದ ಒಂದು ಬೆಡ್‌ಲೈಟ್. ಎದುರು ಗೋಡೆಯ ಚಿತ್ರದಲ್ಲಿರುವ ದೀಪಸ್ತಂಭವನ್ನು ತನ್ನ ಪೂರ್ವಜ ಎನ್ನುತ್ತದೆ. ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಅದು 6ನೇ ಸ್ಥಾನಕ್ಕೆ ಏರಿದ್ದು ಸುಮ್ಮನೆ ಅಲ್ಲ. ಆದರೂ ನನ್ನ ಮತ ಆನಾ ಎಂಗ್‌ಗೆ. ಭೂಮಿಯ ಆಚೆ ಬದಿಯಲ್ಲಿರುವ, ಎಂದೂ ಭೇಟಿಯಾಗದ ಹೆಣ್ಣಿಗಾಗಿ ಹಂಬಲಿಸುವ ಹಾಡಿನಲ್ಲಿ 1964ರ ನ್ಯೂಯಾರ್ಕ್ ವಿಶ್ವಮೇಳ ಹಾದುಹೋಗುವ ರೀತಿಗೆ ಬರ್ಡ್‌ಹೌಸ್‌ನಲ್ಲಿ ಸಮನಾದದ್ದು ಯಾವುದೂ ಇಲ್ಲ. ಇದನ್ನು ಆ ಒಂದು ನಿಮಿಷದಲ್ಲಿ ಹೇಳಿ, ಆಮೇಲೆ ಚೀಟಿ ಬರೆಸಿ.