ಟವರ್ ಬೈದರೆ ಗುಬ್ಬಚ್ಚಿ ಬಂದೀತೇ?

ಪತ್ರ: ನಮ್ಮ ಬಡಾವಣೆಯಲ್ಲಿ ಗುಬ್ಬಚ್ಚಿಗಳೇ ಇಲ್ಲ. ಎಲ್ಲ ಮೊಬೈಲ್ ಟವರ್‌ಗಳ ಕೃಪೆ. ಬಾಲ್ಕನಿಯಲ್ಲಿ ಮರದ ಗೂಡು ಕಟ್ಟಿದ್ದೇನೆ, ದಿನಾ ಅಕ್ಕಿ ಹಾಕುತ್ತೇನೆ. ಒಂದು ಹುಳವೂ ಇಲ್ಲದ ಹಾಗೆ ದಾಸವಾಳ, ಗುಲಾಬಿ ಬೆಳೆಸಿದ್ದೇನೆ. ಆದರೂ ಬರಲಿಲ್ಲ. ಟವರ್‌ಗಳ ವಿರುದ್ಧ ನೀವು ಯಾಕೆ ಬರೆಯುವುದಿಲ್ಲ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ವಿಶ್ವ ಗುಬ್ಬಚ್ಚಿ ದಿನ ಅಂತ ಮಾರ್ಚ್ 20ರಂದು ಫೋಟೊ ಹಂಚಿ ಸುಮ್ಮನಾಗುವವರಿಗಿಂತ ನೀವು ಎಷ್ಟೋ ವಾಸಿ. ಟವರ್ ಬಗ್ಗೆ ಸಂಶೋಧನೆ ನಡೆಯಲಿ, ಬೇಡ ಅನ್ನುವುದಿಲ್ಲ.

ಆದರೆ ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್ ಅನ್ನುವ ಪಾರ್ಕಿನ ಕತೆ ಕೇಳಿ. 1925ರಲ್ಲಿ ಪಕ್ಷಿತಜ್ಞ ಮ್ಯಾಕ್ಸ್ ನಿಕಲ್ಸನ್ ಅಲ್ಲಿ 2,603 ಗುಬ್ಬಚ್ಚಿ ಎಣಿಸಿದ್ದರು. 1948ರಲ್ಲಿ ಸಿಕ್ಕಿದ್ದು 885. ಆಗ ಯಾರ ಜೇಬಲ್ಲಿ ಮೊಬೈಲ್ ಇತ್ತು ಸ್ವಾಮಿ? ಕುದುರೆಗಾಡಿ ಹೋಗಿ ಕಾರು ಬಂತು, ರಸ್ತೆಗೆ ಕಾಳು ಚೆಲ್ಲುವುದು ನಿಂತಿತು. ಪಕ್ಷಿ ಬಲ್ಲವರು ಕೊಡುವ ಕಾರಣ ಅದು. ನಮ್ಮ ದೇಶದ ಹಕ್ಕಿಗಳ ಬಗ್ಗೆ 2020ರಲ್ಲಿ ಬಂದ ದೊಡ್ಡ ವರದಿಯೂ ಒಟ್ಟಾರೆ ಗುಬ್ಬಚ್ಚಿ ಕಡಿಮೆಯಾಗಿಲ್ಲ, ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗಿದೆ ಅನ್ನುತ್ತದೆ. ಟವರ್ ಹಳ್ಳಿಗಳಲ್ಲೂ ಇದೆ ಅಲ್ವಾ?

ನಿಮ್ಮ ಪ್ರಶ್ನೆಗೆ ಪತ್ರದಲ್ಲಿ ನೀವೇ ಉತ್ತರ ಬರೆದಿದ್ದೀರಿ. ಹುಳ ಇಲ್ಲದ ದಾಸವಾಳ! ಅಕ್ಕಿ ದೊಡ್ಡ ಗುಬ್ಬಚ್ಚಿಗಾಯಿತು. ಕಣ್ಣು ಬಿಡದ ಮರಿಗೆ ಹಸಿರು ಹುಳ, ಸಸ್ಯದ ಹೇನು ಬೇಕು. ಔಷಧಿ ಹೊಡೆದು ಮರಿಗಳ ಊಟ ಕಿತ್ತುಕೊಂಡು, ಅಮ್ಮನಿಗೆ ಸೋನಾ ಮಸೂರಿ ಬಡಿಸಿದರೆ ಅವಳಾದರೂ ಏನು ಮಾಡಬೇಕು?

ನಮ್ಮಜ್ಜಿ ಪಕ್ಷಿಪ್ರೇಮಿ ಏನಲ್ಲ. ದೇವರ ಪಟದ ಹಿಂದಿನಿಂದ ಹುಲ್ಲುಕಡ್ಡಿ ಉದುರಿದಾಗಲೆಲ್ಲ ಗುಬ್ಬಚ್ಚಿಗೆ ಶಾಪ ಹಾಕುತ್ತಿದ್ದರು. ‘ಮರಿ ಹಾರಲಿ, ಆಮೇಲೆ ಕಿತ್ತು ಬಿಸಾಕ್ತೀನಿ’ ಅನ್ನುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ಸಲ ಮೊಟ್ಟೆ! ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರಿದರೆ ನುಚ್ಚು ಅವುಗಳ ಪಾಲು. ಹೆಂಚಿನ ಸಂದಿ, ಮೀಟರ್ ಬೋರ್ಡು, ಎಲ್ಲ ಕಡೆ ಜಾಗ. ಈಗ ಗೋಡೆಯಲ್ಲಿ ಒಂದು ತೂತು ಉಳಿದರೂ ಮೇಸ್ತ್ರಿಗೆ ಫೋನ್ ಹೋಗುತ್ತದೆ. ಅಂಗಳಕ್ಕೆ ಟೈಲ್ಸ್, ಮಣ್ಣಲ್ಲಿ ಹೊರಳಾಡಲು ಒಂದು ಹಿಡಿ ಧೂಳಿಲ್ಲ.

ಜಾಸ್ತಿ ಬೈದೆ ಅನ್ನಿಸಿದರೆ ಕ್ಷಮಿಸಿ. ಸಿಟ್ಟು ನಿಮ್ಮ ಮೇಲಲ್ಲ, ನಮ್ಮ ಚೊಕ್ಕಟದ ಹುಚ್ಚಿನ ಮೇಲೆ. ನನಗೆ ಗೊತ್ತಿರುವ ಅಪಾರ್ಟ್‌ಮೆಂಟ್ ಸಂಘವೊಂದು ಕಾರಿನ ಮೇಲೆ ಎಲೆ ಬೀಳುತ್ತದೆ ಅಂತ ಹೊಂಗೆ ಮರ ಕಡಿಸಿತು. ಅದೇ ಸಂಘ ಮೊನ್ನೆ ಮಾರ್ಚಿನಲ್ಲಿ ಗೇಟಿಗೆ ‘ಗುಬ್ಬಚ್ಚಿ ಉಳಿಸಿ’ ಬ್ಯಾನರ್ ಕಟ್ಟಿ, ಭಾಷಣಕ್ಕೆ ನನ್ನನ್ನು ಕರೆಯಿತು. ಹೋಗಲಿಲ್ಲ.