ಯೂಎಲ್ಮ್ ಚರ್ಚಿನಲ್ಲಿ ನೆಲಕ್ಕೆ ಮಲಗಿ ನೋಡಬೇಕಾದ ಸಮಾಧಿ

ಆಕ್ಸ್‌ಫರ್ಡಿನಲ್ಲಿ ಎರಡು ದಿನ ಇರುವಾಗ ಹಳೆಯ ಹಳ್ಳಿ ಚರ್ಚೊಂದನ್ನು ಸಾವಕಾಶವಾಗಿ ನೋಡಬೇಕೆಂದಿದ್ದೀರಿ. ಯಾವುದಕ್ಕೆ ಹೋಗಲಿ, ಅಲ್ಲಿ ಏನನ್ನು ಗಮನಿಸಲಿ ಎಂದು ಕೇಳಿದ್ದೀರಿ. ನಾನು ಹೇಳುವುದು ನಗರದಿಂದ ಆಗ್ನೇಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಯೂಎಲ್ಮ್ ಹಳ್ಳಿಯ ಸೇಂಟ್ ಮೇರಿ ಚರ್ಚನ್ನು. ಹೋಗುವಾಗ ಒಂದು ಸಣ್ಣ ಟಾರ್ಚ್ ಇಟ್ಟುಕೊಳ್ಳಿ. ಕಾರಣ ಮುಂದೆ ತಿಳಿಯುತ್ತದೆ.

ಗೋಪುರವನ್ನು ಬಿಟ್ಟರೆ ಈ ಚರ್ಚಿನ ಬಹುಭಾಗ 1430ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಕಟ್ಟಿಸಿದವರು ಆಲಿಸ್ ಚಾಸರ್ ಮತ್ತು ಆಕೆಯ ಮೂರನೆಯ ಗಂಡ, ಸಫೋಕ್‌ನ ಅರ್ಲ್ ಆಗಿದ್ದು ಮುಂದೆ ಡ್ಯೂಕ್ ಆದ ವಿಲಿಯಂ ಡಿ ಲಾ ಪೋಲ್. ಸಭಾಂಗಣಕ್ಕೂ ಪೂಜಾವೇದಿಕೆಯ ಭಾಗಕ್ಕೂ ನಡುವೆ ಸಾಮಾನ್ಯವಾಗಿ ಕಾಣುವ ದೊಡ್ಡ ಕಲ್ಲಿನ ಕಮಾನು ಇಲ್ಲಿಲ್ಲ, ಮರದ ತಡಿಕೆಯೊಂದೇ ಇದೆ; ಹಾಗಾಗಿ ಪಶ್ಚಿಮದ ಬಾಗಿಲಲ್ಲಿ ನಿಂತವರ ದೃಷ್ಟಿ ತಡೆಯಿಲ್ಲದೆ ಪೂರ್ವದ ಕಿಟಕಿಯವರೆಗೆ ಹರಿಯುತ್ತದೆ. ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಸುಮಾರು 10 ಅಡಿ ಎತ್ತರದ, ಅಂತಸ್ತು ಅಂತಸ್ತಾಗಿ ಕೆತ್ತಿದ ಮರದ ಮುಚ್ಚಳ ತೂಗುತ್ತಿದೆ. ಅದರ ತುದಿಯಲ್ಲಿರುವವನು ದೇವದೂತ ಮೈಕೇಲ್.

ಆಲಿಸಳ ತಂದೆ ಥಾಮಸ್ ಚಾಸರ್ ಹದಿನಾಲ್ಕನೆಯ ಶತಮಾನದ ಪ್ರಸಿದ್ಧ ಇಂಗ್ಲಿಷ್ ಕವಿ ಜೆಫ್ರಿ ಚಾಸರನ ಮಗ, ಐದು ಬಾರಿ ಸಂಸತ್ತಿನ ಕೆಳಮನೆಯ ಸ್ಪೀಕರ್ ಆದವನು, 1434ರಲ್ಲಿ ತೀರಿಕೊಂಡವನು. ಆತನ ಮತ್ತು ಹೆಂಡತಿ ಮಟಿಲ್ಡಾಳ ಹಿತ್ತಾಳೆ ಚಿತ್ರಗಳು ಸಮಾಧಿಯ ಮೇಲಿವೆ, ಸುತ್ತಲೂ ಮನೆತನಗಳ ಲಾಂಛನಗಳಿವೆ. ಅವುಗಳಲ್ಲಿ ಮೂರು ಚಕ್ರಗಳ ಲಾಂಛನವನ್ನು ಹುಡುಕಿ: ಅದು ಥಾಮಸನ ತಾಯಿಯ ತವರಾದ ರೋಯೆಟ್ ಮನೆತನದ್ದು. ಆ ಮನೆಯ ಇನ್ನೊಬ್ಬ ಮಗಳು ರಾಜಕುಮಾರ ಜಾನ್ ಆಫ್ ಗಾಂಟ್‌ನನ್ನು ಮದುವೆಯಾಗಿದ್ದಳು. ನಾವು ಇಂದು ಕವಿಯ ಹೆಸರಿಗಾಗಿ ಅಲ್ಲಿಗೆ ಹೋಗುತ್ತೇವೆ. ಆ ಕುಟುಂಬ ಕಲ್ಲಿನ ಮೇಲೆ ಮೆರೆಸಿದ್ದು ಮಾತ್ರ ಅರಮನೆಯ ನಂಟನ್ನು.

ಇನ್ನು 1475ರಲ್ಲಿ ತೀರಿಕೊಂಡ ಆಲಿಸಳ ಸಮಾಧಿ. ಇಡೀ ಇಂಗ್ಲೆಂಡಿನಲ್ಲಿ ಇದಕ್ಕೆ ಸಾಟಿಯಾದವು ಬಹಳ ಕಡಿಮೆ ಎಂದೇ ನನ್ನ ಅಭಿಪ್ರಾಯ. ಮೇಲೆ ಅಲಬಾಸ್ಟರ್ ಕಲ್ಲಿನ ಡಚೆಸ್ ಕೈಮುಗಿದು ಮಲಗಿದ್ದಾಳೆ: ತಲೆಯ ಮೇಲೆ ಕಿರೀಟ, ದಿಂಬು ಹಿಡಿದ ಪುಟ್ಟ ದೇವದೂತರು, ಎಡ ಮುಂಗೈ ಮೇಲೆ ಇಂಗ್ಲೆಂಡಿನ ಅತ್ಯುನ್ನತ ರಾಜಗೌರವಗಳಲ್ಲೊಂದಾದ ಗಾರ್ಟರ್ ಪದವಿಯ ಪಟ್ಟಿ. ಗಂಡಸರು ಕಾಲಿಗೆ ಕಟ್ಟುವ ಈ ಪಟ್ಟಿಯನ್ನು ಹೆಂಗಸರು ಎಲ್ಲಿ ಧರಿಸಬೇಕೆಂದು ತಿಳಿಯಲು ವಿಕ್ಟೋರಿಯಾ ರಾಣಿಯ ಕಡೆಯವರು ಈ ಪ್ರತಿಮೆಯನ್ನೇ ನೋಡಿದರೆಂಬ ಮಾತಿದೆ. ಮುಖದಲ್ಲಿ ವಯಸ್ಸಾದ, ಗಂಭೀರ ಹೆಂಗಸಿನ ಲಕ್ಷಣ ಎದ್ದು ಕಾಣುತ್ತದೆ. ಪಕ್ಕದಲ್ಲಿ ಗಂಡನಿಲ್ಲ, 1450ರಲ್ಲಿ ಗಡಿಪಾರಾಗಿ ಹೊರಟಿದ್ದ ಅವನನ್ನು ಸಮುದ್ರದಲ್ಲಿ ಹಿಡಿದು ತಲೆ ಕಡಿದಿದ್ದರು.

ಹೆಚ್ಚಿನವರು ಇಷ್ಟು ನೋಡಿ ಮುಂದೆ ನಡೆಯುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಹೊರಟಿದ್ದೆ. ಪೆಟ್ಟಿಗೆಯಾಕಾರದ ಸಮಾಧಿಯ ಕೆಳಗೆ, ನೆಲಮಟ್ಟದಲ್ಲಿ, ಕಲ್ಲಿನ ಜಾಲಂಧ್ರಗಳಿವೆ. ಬಗ್ಗಿ ನೋಡಿದರೆ ಅದೇ ಹೆಂಗಸು ಹೆಣವಾಗಿ ಮಲಗಿದ್ದಾಳೆ: ಶವವಸ್ತ್ರ ಸರಿದು, ಮೈ ಒಣಗಿ, ಎಲುಬು ಎದ್ದಿದೆ. ಪದವಿಯೂ ಮಣ್ಣಾಗುತ್ತದೆಂದು ತೋರಿಸುವ ಇಂಥ ಜೋಡಿ ಪ್ರತಿಮೆಗಳು ಆ ಶತಮಾನದ ಯುರೋಪಿನಲ್ಲಿ ಬೇರೆಡೆಯೂ ಇವೆ, ಆದರೆ ಹೆಂಗಸಿನದ್ದು ಅಪರೂಪ. ಈಗ ನೆಲದ ಮೇಲೆ ಮಲಗಿ ಟಾರ್ಚನ್ನು ಮೇಲಕ್ಕೆ ಹಿಡಿಯಿರಿ. ಹೆಣದ ನೆತ್ತಿಯ ಮೇಲಿನ ಕಲ್ಲಿಗೆ ಬಣ್ಣದ ಚಿತ್ರಗಳನ್ನು ಬರೆದಿದ್ದಾರೆ: ಮೇರಿಗೆ ದೇವದೂತ ಸುವಾರ್ತೆ ತಿಳಿಸುವ ದೃಶ್ಯ, ಮಗ್ದಲದ ಮರಿಯ, ಸ್ನಾನಿಕ ಯೋಹಾನ. ನಿಂತವರಿಗೂ, ಮೊಣಕಾಲೂರಿದವರಿಗೂ ಅವು ಕಾಣುವುದಿಲ್ಲ. ಕಣ್ಣು ತೆರೆದು ಮಲಗಿರುವ ಆ ಕಲ್ಲಿನ ಹೆಣಕ್ಕಷ್ಟೇ ಕಾಣುವಂತೆ ಅವನ್ನು ಬರೆಯಲಾಗಿದೆ. ನನ್ನ ಕೋಟಿಗೆ ಮೆತ್ತಿದ ಧೂಳಿನ ಬಗ್ಗೆ ನನಗೆ ಬೇಸರವಾಗಲಿಲ್ಲ.

ಹೊರಡುವಾಗ ಪಶ್ಚಿಮದ ಬಾಗಿಲಿನಿಂದ ಮೆಟ್ಟಿಲಿಳಿಯಿರಿ. ಕೆಳಗಿರುವ ಇಟ್ಟಿಗೆಯ ಅಂಗಳ, 1437ರಲ್ಲಿ ಆರನೆಯ ಹೆನ್ರಿಯ ಅನುಮತಿ ಪಡೆದು ಈ ದಂಪತಿ 13 ಮಂದಿ ಬಡವರಿಗಾಗಿ ಸ್ಥಾಪಿಸಿದ ಆಶ್ರಯಗೃಹದ್ದು. ಅದಕ್ಕೆ ಹೊಂದಿಕೊಂಡ ಶಾಲೆಯಲ್ಲಿ ಇಂದಿಗೂ ಮಕ್ಕಳು ಓದುತ್ತಾರೆ. ಆಶ್ರಯಕ್ಕೆ ಪ್ರತಿಯಾಗಿ ಆ ಬಡವರು ದಿನವೂ ಇದೇ ಮೆಟ್ಟಿಲು ಹತ್ತಿ ಬಂದು, ಆಲಿಸಳ ಸಮಾಧಿಗೆ ತಾಗಿದ ಸೇಂಟ್ ಜಾನ್ ಪ್ರಾರ್ಥನಾಗೃಹದಲ್ಲಿ, ಧಣಿಗಳ ಆತ್ಮಕ್ಕಾಗಿ ಪ್ರಾರ್ಥಿಸಬೇಕಾಗಿತ್ತು.