ನಿದ್ದೆಗೆಟ್ಟ ರಾತ್ರಿಯ ಎರಡು ಹಾಡುಗಳನ್ನು ಜೋಡಿಸುವ ಬಗೆ

ನಿದ್ದೆ ಬಾರದ ರಾತ್ರಿಗಳ ಕುರಿತು ನಿಮ್ಮ ರಾಕ್ ತಂಡ ಕಟ್ಟಿರುವ ಎರಡು ಹಾಡುಗಳನ್ನು ಜೋಡಿ ಸಿಂಗಲ್ ಆಗಿ ಹೊರತರುವ ಆಸೆಯಿದ್ದರೂ ಎರಡೂ ಒಂದೇ ಹಾಡಿನಂತೆ ಕೇಳಿಸುತ್ತಿವೆ ಎಂದು ಬರೆದಿದ್ದೀರಿ. ನೀವು ಹಂಚಿಕೊಂಡ ಕರಡು ಧ್ವನಿಮುದ್ರಣಗಳನ್ನು ಹೆಡ್‌ಫೋನಿನಲ್ಲಿ ಹಲವು ಸಲ ಕೇಳಿದೆ. ತೊಂದರೆ ಇರುವುದು ಸಂಯೋಜನೆಯಲ್ಲಲ್ಲ. ಎರಡು ಹಾಡುಗಳೂ ರಾತ್ರಿಯ ಒಂದೇ ಗಳಿಗೆಯಲ್ಲಿ ನಿಂತುಬಿಟ್ಟಿವೆ.

ನಿದ್ದೆಗೆಟ್ಟವರ ರಾತ್ರಿ ಉದ್ದಕ್ಕೂ ಒಂದೇ ತೆರನಾಗಿರುವುದಿಲ್ಲ. ಹಾಸಿಗೆ ಸೇರಿದ ಮೊದಲ ಹೊತ್ತಿನಲ್ಲಿ ಮನಸ್ಸು ಒಂದರ ಹಿಂದೊಂದು ಯೋಚನೆಯ ಬೆನ್ನು ಹತ್ತುತ್ತದೆ. ಬೆಳಗಿನ ಜಾವದ ಹೊತ್ತಿಗೆ ಮೈಯ ಉಷ್ಣತೆ ದಿನದ ಕನಿಷ್ಠ ಮಟ್ಟಕ್ಕೆ ಇಳಿದು, ಯೋಚಿಸುವ ತ್ರಾಣವೂ ಉಡುಗಿ, ರೆಪ್ಪೆಗಳು ಕೆಲವೇ ಕ್ಷಣ ಕೂಡಿ ಮತ್ತೆ ಬಿಚ್ಚಿಕೊಳ್ಳುತ್ತವೆ. ಮೊದಲ ಹಾಡು ಆ ಓಟವನ್ನು ಹಿಡಿಯಲಿ, ಎರಡನೆಯದು ಈ ಮಂಕನ್ನು ಹಿಡಿಯಲಿ. ಮೊದಲನೆಯದರ ಗತಿ ನಿಮಿಷಕ್ಕೆ 140 ಬೀಟ್ ಇರುವುದರಿಂದ ಎರಡನೆಯದನ್ನು 70ಕ್ಕೆ ಇಳಿಸಿ ನೋಡಿ. ಸರಿಯಾಗಿ ಅರ್ಧವಾದ ಕಾರಣ ಮೊದಲ ಹಾಡಿನ ಗಿಟಾರ್ ರಿಫ್ಫನ್ನೇ (ಮತ್ತೆ ಮತ್ತೆ ಬರುವ ಪುಟ್ಟ ಸ್ವರಗುಚ್ಛವನ್ನೇ) ಎರಡನೆಯದರಲ್ಲಿ ಎಳೆದು ನುಡಿಸಬಹುದು. ನಂಟನ್ನು ಸಾಹಿತ್ಯದಲ್ಲಿ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ಹಾಡಿನ ಆರಂಭದಲ್ಲಿ ಫ್ರಿಜ್ಜಿನ ಮೋಟಾರು ಗುಂಯ್‌ಗುಟ್ಟುತ್ತಿದ್ದು ಥಟ್ಟನೆ ನಿಲ್ಲುತ್ತದಲ್ಲ, ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಅದು. ಆದರೆ ಗಿಟಾರಿನೊಡನೆ ಅದು ತುಸು ಜಗಳವಾಡುತ್ತಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಡೆಯುವ ಯಂತ್ರಗಳ ಗುಂಯ್‌ಕಾರ ಬಹುಮಟ್ಟಿಗೆ 100 ಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ನಿಮ್ಮ ಜಿ ಮೈನರ್ ಹಾಡು ನೆಲೆ ನಿಂತಿರುವ, ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ಆ ಸದ್ದನ್ನು ಸುಮಾರು 35 ಸೆಂಟ್‌ನಷ್ಟು (ಅಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲೇ ಸೆಂಟ್) ಕೆಳಗಿಳಿಸಿದರೆ ಅದೇ ಹಾಡಿನ ಶ್ರುತಿಯಾಗುತ್ತದೆ, ಅದು ನಿಂತಾಗ ಕೇಳುಗರ ಕಾಲಡಿಯ ನೆಲವೇ ಸರಿದಂತಾಗುತ್ತದೆ.

ಯಾವ ಹಾಡು ಮುಖ್ಯವೆಂಬ ನಿಮ್ಮ ತಂಡದ ವಾದ ಹೊಸದಲ್ಲ. 1965ರ ಡಿಸೆಂಬರಿನಲ್ಲಿ ಬೀಟಲ್ಸ್ ತಂಡ 'ಡೇ ಟ್ರಿಪ್ಪರ್' ಮತ್ತು 'ವಿ ಕ್ಯಾನ್ ವರ್ಕ್ ಇಟ್ ಔಟ್' ಹಾಡುಗಳನ್ನು ಡಬಲ್ ಎ-ಸೈಡ್ ಆಗಿ, ಅಂದರೆ ಎರಡು ಮಗ್ಗುಲಿನ ಹಾಡುಗಳೂ ಮುಖ್ಯವೆಂದು, ತಂದದ್ದೂ ಇಂಥದೇ ಭಿನ್ನಾಭಿಪ್ರಾಯದ ನಡುವೆ. ಗ್ರಾಮಫೋನ್ ತಟ್ಟೆಗಾದರೆ ಎರಡು ಮಗ್ಗುಲಿರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಮೇಲಿರುವ ಹಾಡೇ ಮೊದಲು ಕೇಳಿಸುವುದರಿಂದ, ರಾತ್ರಿ ಸಾಗುವ ಕ್ರಮದಲ್ಲೇ ಓಟದ ಹಾಡನ್ನು ಮೇಲಿಡಿ. ಪ್ರತಿ ಹಾಡಿಗೂ ಬೇರೆ ಐಎಸ್‌ಆರ್‌ಸಿ ಸಂಖ್ಯೆ (ಧ್ವನಿಮುದ್ರಣವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಕೇತ) ಬೇಕು, ಆದರೆ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಕೆಲಸ) ಎರಡಕ್ಕೂ ಒಟ್ಟಿಗೇ ಆಗಲಿ.

ನಿಮ್ಮ ಗಾಯಕರು ಇಡೀ ರಾತ್ರಿ ಎಚ್ಚರವಿದ್ದು ಮರುದಿನ ಹಾಡುವ ಯೋಚನೆಯಲ್ಲಿದ್ದಾರೆ ಎಂದಿರಿ, ದಯವಿಟ್ಟು ಬೇಡ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಉಸಿರು ಸಾಲದೆ ಸಾಲುಗಳ ಕೊನೆ ಕುಸಿದವೇ ಹೊರತು ನಾನು ಬಯಸಿದ ದಣಿವು ದನಿಯಲ್ಲಿ ಬರಲಿಲ್ಲ. ರಾತ್ರಿ ಹೊಳೆದದ್ದನ್ನು ಕಾಗದದ ಮೇಲೆ ಬರೆದಿಟ್ಟು, ಚೆನ್ನಾಗಿ ನಿದ್ದೆ ಮಾಡಿದ ಮೇಲೆ, ಮೈಕಿಗೆ ಬಹಳ ಹತ್ತಿರ ನಿಂತು ಪಿಸುದನಿಯಲ್ಲಿ ಹಾಡಿಸಿ.

ಏಳು ಇಂಚಿನ ತಟ್ಟೆಯನ್ನೂ ಮಾಡಿಸುವುದಾದರೆ ಎರಡನೆಯ ಹಾಡಿನ ಆರು ನಿಮಿಷ ಹೆಚ್ಚಾಯಿತು. 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ವೇಗದಲ್ಲಿ ಒಂದು ಮಗ್ಗುಲಿಗೆ ನಾಲ್ಕು ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗಿ ಧ್ವನಿಮಟ್ಟ ತಗ್ಗುತ್ತದೆ. ಗತಿಯನ್ನು ಇಳಿಸಿದರೆ ಹಾಡು ಇನ್ನೂ ಉದ್ದವಾಗುವುದರಿಂದ, ನಡುವಿನ ಗಿಟಾರ್ ಸೋಲೋ ಮತ್ತು ಪಲ್ಲವಿಯ ಕೊನೆಯ ಎರಡು ಆವರ್ತನೆಗಳನ್ನು ತೆಗೆದು ಒಮ್ಮೆ ನುಡಿಸಿ ನೋಡಿ.